ಡಬ್ಬಿ ಹಾಲು ಮತ್ತು ‘ಇ’ ಜೀವಸತ್ವ

ಹಬ್ಬಕ್ಕೆ ಕರಿದ ಚಕ್ಕುಲಿ ಡಬ್ಬದಲ್ಲೇ ಬಹಳ ದಿನ ಉಳಿದರೆ ಕಮಟು ವಾಸನೆ ಬರುತ್ತದೆ. ಎಣ್ಣೆಯ ಜಿಡ್ಡನ್ನು ಗಾಳಿಯ ಆಮ್ಲಜನಕ ಕೆಡಿಸುವುದರ ಫಲ ಅದು. ನಮ್ಮ ಜೀವಕೋಶಗಳ ಪೊರೆಯಲ್ಲೂ ಜಿಡ್ಡಿದೆ. ಅದು ಹಾಗೆ ಕೆಡದಂತೆ ಕಾಯುವುದು ‘ಇ’ ಜೀವಸತ್ವ. 1922ರಲ್ಲಿ ಅಮೆರಿಕದ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಇದರ ಸುಳಿವು ಹಿಡಿದದ್ದು ಇಲಿಗಳಲ್ಲಿ. ಇದು ಸಿಗದ ಇಲಿಗಳು ಗರ್ಭ ಧರಿಸಿದರೂ ಪಿಂಡ ಒಳಗೇ ಕರಗಿಹೋಗುತ್ತಿತ್ತು. ಕೂಸುಗಳಿಗೆ ಇದು ಎಷ್ಟು ಮುಖ್ಯವೆಂಬುದು ಮನದಟ್ಟಾಗಲು ಇನ್ನೂ ನಾಲ್ಕು ದಶಕ ಬೇಕಾಯಿತು.

1960ರ ದಶಕದಲ್ಲಿ ಅಮೆರಿಕದಲ್ಲಿ ದಿನ ತುಂಬದೆ ಹುಟ್ಟಿ, ಡಬ್ಬಿ ಹಾಲಿನ ಮೇಲೆ ಬೆಳೆಯುತ್ತಿದ್ದ ಕೆಲವು ಕೂಸುಗಳು ಆರೆಂಟು ವಾರಗಳಲ್ಲಿ ಬಿಳಿಚಿಕೊಂಡವು. ಕೆಲವದರ ಮೈ ಊದಿತು. ರಕ್ತಹೀನತೆಯೆಂದ ಕೂಡಲೇ ನಮಗೆ ನೆನಪಾಗುವುದು ಕಬ್ಬಿಣದ ಕೊರತೆ. ಇಲ್ಲಿ ಕಥೆ ಉಲ್ಟಾ! ಪಚನಕ್ಕೆ ಒಳ್ಳೆಯದೆಂದು ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬೆರೆಸಿದ್ದರು. ಅದು ಬೇಗ ಕೆಡುವ ಜಾತಿಯದು. ರಕ್ತ ಹೆಚ್ಚಲೆಂದು ಕೊಡುತ್ತಿದ್ದ ಕಬ್ಬಿಣ ಆ ಕೆಡುಕಿಗೆ ಮತ್ತಷ್ಟು ಚುರುಕು ಕೊಟ್ಟಿತು. ಕಾಯಬೇಕಾದ ‘ಇ’ ಮಾತ್ರ ಸಾಲದಾಯಿತು. ಕೆಂಪು ರಕ್ತಕಣಗಳ ಪೊರೆ ಕೆಟ್ಟು, ಕಣಗಳು ಒಡೆದವು. ದಿನ ತುಂಬಿದ ಕೂಸು ತಾಯಿಯಿಂದ ಒಂದಿಷ್ಟು ‘ಇ’ ಸಂಗ್ರಹ ಪಡೆದು ಬಂದಿರುತ್ತದೆ. ಬೇಗ ಹುಟ್ಟಿದ್ದಕ್ಕೆ ಆ ಗಂಟೂ ಇಲ್ಲ, ಜಿಡ್ಡನ್ನು ಅರಗಿಸುವ ಶಕ್ತಿಯೂ ಕಡಿಮೆ.

1967ರಲ್ಲಿ ಫ್ರಾಂಕ್ ಆಸ್ಕಿ ಮತ್ತು ಲೂಯಿಸ್ ಬಾರ್ನೆಸ್ ಇಂಥ ಕೂಸುಗಳಿಗೆ ‘ಇ’ ಕೊಟ್ಟು ನೋಡಿದರು. ಹಿಮೊಗ್ಲೋಬಿನ್ ಏರಿತು. ಎಣ್ಣೆ ಮತ್ತು ಕಬ್ಬಿಣ ಕೂಡಿದಾಗಲೇ ಪೆಟ್ಟು ಜೋರೆಂಬುದನ್ನು ಆಸ್ಕಿಯವರ ತಂಡ 1975ರಲ್ಲಿ ತೋರಿಸಿತು. ಡಬ್ಬಿ ಹಾಲಿನ ಇಂದಿನ ಅಂತರರಾಷ್ಟ್ರೀಯ ನಿಯಮದಂತೆ, ಪ್ರತಿ 100 ಕಿಲೊಕ್ಯಾಲೊರಿಗೆ ಕನಿಷ್ಠ 0.5 ಮಿಲಿಗ್ರಾಂ ‘ಇ’ ಇರಲೇಬೇಕು. ಬೇಗ ಕೆಡುವ ಜಿಡ್ಡು ಹೆಚ್ಚಿದಷ್ಟೂ ಅದೂ ಹೆಚ್ಚಬೇಕು.

ಹಾಗೆಂದು ಸುರಿಯುವಂತಿಲ್ಲ. 1984ರಲ್ಲಿ ಅಮೆರಿಕದಲ್ಲೇ, ದಿನ ತುಂಬದ ಕೂಸುಗಳ ರಕ್ತನಾಳಕ್ಕೆ ನೇರವಾಗಿ ಕೊಡುತ್ತಿದ್ದ ‘ಇ’ ದ್ರಾವಣವೊಂದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಅಷ್ಟರಲ್ಲಿ 38 ಶಿಶುಗಳ ಸಾವಿಗೆ ಅದರ ನಂಟು ಅಂಟಿಕೊಂಡಿತ್ತು.

ತಾಯಿಯ ಮೊದಲ ದಿನಗಳ ಹಳದಿ ಹಾಲಿನಲ್ಲಿ ‘ಇ’ ಜೀವಸತ್ವ ಆಮೇಲಿನ ಹಾಲಿಗಿಂತ ಎರಡು ಮೂರು ಪಟ್ಟು ಹೆಚ್ಚು. ಹಸು ಕರು ಹಾಕಿದರೆ ಗಿಣ್ಣಿಗಾಗಿ ಪಾತ್ರೆ ಹಿಡಿದು ಹೋಗುವ ಮನೆಗಳಲ್ಲೇ, ಬಾಣಂತಿಯ ಗಿಣ್ಣುಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿಸುವ ಅಜ್ಜಿಯರೂ ಇದ್ದಾರೆ.