ನಿಮ್ಮ ಮನೆಯ ದುಡಿಮೆಗೂ ಒಂದು ನಕ್ಷೆ ಬೇಕು

ವಿದ್ಯುತ್ ಮಂಡಲದ ಚಿತ್ರ ಬಿಡಿಸುವಾಗ ಕೋಶಕ್ಕೆ ಒಂದು ಉದ್ದ ಗೆರೆ, ಒಂದು ಗಿಡ್ಡ ಗೆರೆ ಹಾಕುತ್ತೀರಿ. ಅಂಗಡಿಯಲ್ಲಿ ಸಿಗುವ ಸೆಲ್ಲಿನ ಹಾಗೆ ಅದು ಕಾಣುವುದೇ ಇಲ್ಲ. ಆದರೂ ಉದ್ದ ಗೆರೆ ಧನಾಗ್ರ, ಗಿಡ್ಡ ಗೆರೆ ಋಣಾಗ್ರ ಅನ್ನೋದು ಕೊಲ್ಹಾಪುರದ ಮರಾಠಿ ಶಾಲೆಯ ಹುಡುಗನಿಗೂ ಗೊತ್ತು, ಜಪಾನಿನ ಹುಡುಗಿಗೂ ಗೊತ್ತು. ಚಿಹ್ನೆಗಳನ್ನು ಎಲ್ಲರೂ ಒಪ್ಪಿಕೊಂಡಿದ್ದರಿಂದಲೇ ಒಂದು ತಂತಿಯನ್ನೂ ಮುಟ್ಟದೆ, ಬರೀ ಚಿತ್ರ ನೋಡಿ, "ಇಲ್ಲಿ ಸ್ವಿಚ್ ತಪ್ಪು ಜಾಗದಾಗ ಐತಿ" ಅಂತ ಹೇಳಬಹುದು.

ಮನುಷ್ಯರು ಕೂಡಿ ಮಾಡುವ ಕೆಲಸಕ್ಕೂ ಇಂಥ ಚಿಹ್ನೆಗಳಿವೆ. ನಮ್ಮ ವಿಜ್ಞಾನದ ವಹಿಯಲ್ಲಿ ಅವಕ್ಕೂ ಒಂದೆರಡು ಪುಟ ಸಿಗಬೇಕು ಅನ್ನೋದು ನನ್ನ ವಾದ.

ಅಮೆರಿಕದಲ್ಲಿ ಇಟ್ಟಿಗೆ ಕಟ್ಟುವ ಕೆಲಸದಿಂದ ಬದುಕು ಶುರು ಮಾಡಿದ ಫ್ರಾಂಕ್ ಗಿಲ್‌ಬ್ರೆತ್ ಮತ್ತು ಅವರ ಹೆಂಡತಿ ಲಿಲಿಯನ್, 1921ರಲ್ಲೇ ಎಂಜಿನಿಯರುಗಳ ಸಂಘದ ಮುಂದೆ ಕೆಲಸದ ಹಂತಗಳನ್ನು ಚಿಹ್ನೆಗಳಲ್ಲಿ ಬರೆಯುವ ರೀತಿಯನ್ನು ಮಂಡಿಸಿದ್ದರು. ಈಗ ಬಳಕೆಯಲ್ಲಿರುವ ಪದ್ಧತಿಗೆ ಬಿಪಿಎಂಎನ್ ಅಂತ ಹೆಸರು. 2004ರಲ್ಲಿ ಬಂತು, 2011ರಲ್ಲಿ ಎರಡನೆಯ ಆವೃತ್ತಿ, 2013ರಲ್ಲಿ ಐಎಸ್‌ಒ ಮಾನಕವಾಗಿ ಸೇರಿತು. ಹೆಸರು ಕೇಳಿ ಹೆದರಬ್ಯಾಡ್ರಿ. ತೆಳು ಗೆರೆಯ ವೃತ್ತ ಅಂದ್ರೆ ಆರಂಭ, ದಪ್ಪ ಗೆರೆಯ ವೃತ್ತ ಅಂದ್ರೆ ಮುಕ್ತಾಯ. ಮೂಲೆ ದುಂಡಗಿರುವ ಆಯತ ಒಂದು ಕೆಲಸ. ವಜ್ರಾಕೃತಿ ಅಂದ್ರೆ ದಾರಿ ಒಡೆಯುವ ಅಥವಾ ಕೂಡುವ ಜಾಗ. ಇವನ್ನೆಲ್ಲ ಸುತ್ತುವ ದೊಡ್ಡ ಚೌಕಟ್ಟಿಗೆ ಪೂಲ್ ಅಂತಾರೆ. ಒಬ್ಬ ಯಜಮಾನನ ಕೈಕೆಳಗೆ ನಡೆಯುವುದೆಲ್ಲ ಒಂದೇ ಪೂಲಿನೊಳಗೆ. ಅದರೊಳಗೆ ಗಟ್ಟಿ ಬಾಣ ಓಡಾಡುತ್ತದೆ. ಇನ್ನೊಬ್ಬರ ಪೂಲಿಗೆ ಅದು ದಾಟುವಂತಿಲ್ಲ, ಅಲ್ಲಿಗೆ ಹೋಗುವುದು ತುಂಡು ಗೆರೆಯ ಬಾಣ ಮಾತ್ರ. ಮಾಲು ಕಳಿಸಬಹುದು, ಚೀಟಿ ಕಳಿಸಬಹುದು, ಆದರೆ ಅವರ ಕೆಲಸ ನಿಮ್ಮ ಹುಕುಮಿನಲ್ಲಿ ಇಲ್ಲ ಅಂತ ಅರ್ಥ.

ಈಗ ಇಚಲಕರಂಜಿಗೆ ಬರೋಣ. 1904ರಲ್ಲಿ ವಿಠ್ಠಲರಾವ ದಾತಾರ ಅವರು ಮೊದಲ ವಿದ್ಯುತ್ ಮಗ್ಗ ಕೂಡಿಸಿದ ಊರು. ನಿಮ್ಮಲ್ಲಿ ಎಷ್ಟೋ ಮಂದಿಯ ಮನೆ ಖರ್ಚೀವಾಲರದು. ವ್ಯಾಪಾರಿ ನೂಲು ಕೊಡ್ತಾನೆ, ನೀವು ನೇದು ಕೊಡ್ತೀರಿ, ಮಜೂರಿ ಹೊಕ್ಕಿನ ಎಳೆಯ ಲೆಕ್ಕದ ಮೇಲೆ, ಅಂದ್ರೆ ಪಿಕ್ ಮೇಲೆ. ಇದನ್ನು ಬಿಡಿಸಲು ಕೂತರೆ ಮೊದಲ ನಿಮಿಷದಲ್ಲೇ ಮೂರು ಪೂಲ್ ಬೇಕಾಗ್ತವೆ: ವ್ಯಾಪಾರಿ, ಸೈಜಿಂಗ್, ಮಗ್ಗ. ಹಾಸಿನ ನೂಲು ಸೈಜಿಂಗಿಗೆ ಹೋಗಿ, ಗಂಜಿ ಕುಡಿದು, ಉಗಿಯಿಂದ ಕಾದ ಸಿಲಿಂಡರುಗಳ ಮೇಲೆ ಒಣಗಿ, ಬೀಮಿಗೆ ಸುತ್ತಿಕೊಂಡು ಬರುತ್ತದೆ. ಹೊಕ್ಕಿನ ನೂಲು ಬೇರೆ ದಾರಿಯಿಂದ ಬಂದು ಕಂಡಿಕೆಯಾಗಿ ಲಾಳಿಯೊಳಗೆ ಕೂರುತ್ತದೆ. ಎರಡೂ ಕೂಡುವಲ್ಲಿ ಕೂಡಿಸುವ ಗುರುತಿರುವ ವಜ್ರ ಹಾಕಬೇಕು. ಎರಡೂ ಬರುವ ತನಕ ಮುಂದೆ ಹೋಗುವಂತಿಲ್ಲ ಅನ್ನೋದು ಅದರ ಅರ್ಥ. "ಬೀಮ್ ಬಂದೈತಿ, ಬಾಣಿ ಬಂದಿಲ್ಲ" ಅಂತ ಮಗ್ಗ ನಿಂತ ದಿನಗಳು ಆ ಒಂದು ಗುರುತಿನಲ್ಲಿವೆ. ನಿಂತ ದಿನಕ್ಕೆ ಪಿಕ್ ಇಲ್ಲ, ಪಿಕ್ ಇಲ್ಲದ ಮೇಲೆ ಮಜೂರಿಯೂ ಇಲ್ಲ.

ನನಗೆ ಹೆಚ್ಚು ಮುಖ್ಯ ಅನಿಸೋದು ಗುಣಮಟ್ಟದ ಪ್ರಶ್ನೆ. ಗಂಜಿ ಅಂದ್ರೆ ಪಿಷ್ಟ. ನೀರಿನಲ್ಲಿ ಕುದಿಸಿದರೆ ಅದರ ಕಣಗಳು ಉಬ್ಬಿ ಅಂಟಾಗುತ್ತವೆ, ಒಣಗಿದಾಗ ಎಳೆಯ ಮೇಲೆ ತೆಳು ಪದರ ಕೂಡುತ್ತದೆ. ಪದರ ಕಡಿಮೆಯಾದರೆ ಎಳೆ ಉಜ್ಜಿ ಹರಿಯುತ್ತದೆ, ಹೆಚ್ಚಾದರೆ ಬಿರುಸಾಗಿ ಮುರಿಯುತ್ತದೆ. ಎಳೆ ಹರಿದರೆ ಬಟ್ಟೆಯಲ್ಲಿ ದೋಷ. ಹಾಗಾದರೆ ಆ ದೋಷ ಯಾರದು, ಸೈಜಿಂಗಿನದೋ, ಮಗ್ಗದ್ದೋ, ನೂಲಿನದೋ? ಬಾಯಿಮಾತಿನ ಜಗಳದಲ್ಲಿ ಇದು ತೀರುವುದಿಲ್ಲ, ಸಾಮಾನ್ಯವಾಗಿ ಕಡಿತ ಬೀಳೋದು ನೇಯ್ದವನ ಮಜೂರಿಗೆ.

ನಕ್ಷೆ ಬಿಡಿಸಿ ನೋಡ್ರಿ. ಬಿಪಿಎಂಎನ್‌ನಲ್ಲಿ ವಜ್ರಾಕೃತಿ ತಾನೇ ಏನನ್ನೂ ಪರೀಕ್ಷಿಸುವುದಿಲ್ಲ. ಅದರ ಮುಂಚೆ 'ಪರೀಕ್ಷೆ' ಅಂತ ಒಂದು ಕೆಲಸ ಬರೆಯಲೇಬೇಕು, ಅದನ್ನು ಯಾರದಾದರೂ ಪೂಲಿನಲ್ಲಿ ಇಡಲೇಬೇಕು. ಆಗ ಕಣ್ಣಿಗೆ ಹೊಡೆಯುತ್ತದೆ: ಪರೀಕ್ಷೆ ಇರೋದು ಒಂದೇ ಕಡೆ, ಕೊನೆಗೆ, ವ್ಯಾಪಾರಿಯ ಪೂಲಿನಲ್ಲಿ. ಬೀಮ್ ಮಗ್ಗಕ್ಕೆ ಬಂದಾಗ ನೋಡಿ ಬರೆದಿಡುವ ಆಯತವೇ ಇಲ್ಲ. ಅಲ್ಲೊಂದು ಆಯತ ಸೇರಿಸಿ, ಅದರಿಂದ ಸೈಜಿಂಗಿಗೂ ವ್ಯಾಪಾರಿಗೂ ತುಂಡು ಗೆರೆಯಲ್ಲಿ ಚೀಟಿ ಕಳಿಸಿ. ಖರ್ಚು ಒಂದು ವಹಿ, ಒಂದು ಪೆನ್ನು. ತಾಸಿಗೆ ಎಷ್ಟು ಸಲ ಎಳೆ ಹರಿಯಿತು ಅಂತ ಬೀಮಿನ ನಂಬರಿನ ಜೊತೆ ಬರೆದಿಟ್ಟರೆ, ಕಡಿತದ ದಿನ ಅಪ್ಪನ ಕೈಯಲ್ಲಿ ಬರೀ ಮಾತಲ್ಲ, ಲೆಕ್ಕ ಇರುತ್ತದೆ.

"ಸರ್, ನಮ್ಮದೇ ಬಾಣ ಹಾಕಿದರ ಸಾಕಲ್ಲೇನು?" ಅಂತ ಕೇಳುವವರು ಇದ್ದೇ ಇರುತ್ತಾರೆ. ಸಾಲುವುದಿಲ್ಲ. ನೀವು ಹಾಕಿದ ಬಾಣ ನೂಲು ಹೋದದ್ದೋ, ರೊಕ್ಕ ಹೋದದ್ದೋ, ಹೊತ್ತು ಹೋದದ್ದೋ ನಿಮಗಷ್ಟೇ ಗೊತ್ತು. ನಮ್ಮ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮಗ್ಗದ ಮುಂದೆ ಉತ್ತರ ಪ್ರದೇಶ, ಬಿಹಾರದಿಂದ ಬಂದವರ ಹಿಂದಿ. ಆಯತದೊಳಗೆ ಕನ್ನಡದಲ್ಲೇ ಬರೆಯಿರಿ, ಯಾರೂ ಬ್ಯಾಡ ಅನ್ನೋದಿಲ್ಲ. ಆಕಾರ ಮಾತ್ರ ಎಲ್ಲರದೂ ಒಂದೇ ಇರಲಿ. ಹಾಂ, ಮಗ್ಗದ ಸದ್ದಿನಿಂದ ಕಿವಿ ಮಂದವಾಗುವುದು ಯಾವ ಆಯತದಲ್ಲೂ ಕಾಣುವುದಿಲ್ಲ. ಅದಕ್ಕೆ ಬೇರೆ ಪಾಠ ಬೇಕು.

ಗಡಹಿಂಗ್ಲಜದ ಕಡೆಯ ಮಕ್ಕಳು ಮಗ್ಗ ಬಿಟ್ಟು ಕಬ್ಬು ತಗೊಳ್ಳಿ. ಈ ಪದ್ಧತಿಯಲ್ಲಿ ಕಾಲಕ್ಕೂ ಒಂದು ಚಿಹ್ನೆ ಇದೆ: ವೃತ್ತದೊಳಗೆ ಗಡಿಯಾರ. ಕಬ್ಬಿನ ನಕ್ಷೆಗೆ ಎರಡು ಗಡಿಯಾರ ಬೇಕು. ಕಬ್ಬು ಕಡಿದ ಕೂಡಲೇ ಮೊದಲನೆಯದು ಶುರು. ನೀರು ಆರಿ ತೂಕ ಇಳಿಯುತ್ತದೆ, ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅದರಿಂದ ಹರಳು ಸಕ್ಕರೆ ಬರುವುದಿಲ್ಲ. ಬಿಸಿಲಿದ್ದಷ್ಟು ಬೇಗ. ಎರಡನೆಯ ಗಡಿಯಾರ ಕಾನೂನಿನದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ರೈತನಿಗೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ. ಅದು ಎಣಿಸಲು ಶುರು ಮಾಡುವುದು ಕಬ್ಬು ಕಾರ್ಖಾನೆಗೆ ಒಪ್ಪಿಸಿದ ಮೇಲೆ. ಕಡಿದ ಹೊತ್ತಿನಿಂದ ತೂಕದ ಕಾಟದವರೆಗೆ ಟ್ರಾಕ್ಟರ್ ಸಾಲಿನಲ್ಲಿ ನಿಂತ ತಾಸುಗಳನ್ನು ಯಾರ ಪೂಲಿನಲ್ಲಿ ಬರೆಯುತ್ತೀರಿ? ಈ ಹಂಗಾಮಿನಲ್ಲಿ ನಿಮ್ಮ ಹೊಲದ ಒಂದು ಗಾಡಿಯ ಜೊತೆ ಹೋಗಿ, ಕಡಿದ ಹೊತ್ತು, ಗೇಟಿಗೆ ಮುಟ್ಟಿದ ಹೊತ್ತು, ತೂಕವಾದ ಹೊತ್ತು ಬರೆದುಕೊಂಡು ಬನ್ನಿ, ವರ್ಗದಲ್ಲಿ ಕೂತು ನಕ್ಷೆ ಬಿಡಿಸೋಣ.