ಬಿನ್ನಿಪೇಟೆಯ ಬಾಡಿಗೆ ಮನೆ: ಮಾಲೀಕರು ಮರೆತ ಲೆಕ್ಕ

ಬೆಂಗಳೂರು: ಮಾಗಡಿ ರಸ್ತೆಯಿಂದ ಬಿನ್ನಿಪೇಟೆಯತ್ತ ತಿರುಗಿದರೆ ಎರಡು ಕಾಲಮಾನಗಳು ಎದುರುಬದುರಾಗಿ ನಿಂತಂತೆ ಕಾಣುತ್ತವೆ. ಒಂದೆಡೆ, 1884ರಲ್ಲಿ ಸ್ಥಾಪನೆಯಾಗಿ ಬಡಾವಣೆಗೆ ತನ್ನ ಹೆಸರನ್ನೇ ಕೊಟ್ಟ ಬಿನ್ನಿ ಗಿರಣಿಯ ಜಮೀನಿನಲ್ಲಿ ಎದ್ದಿರುವ ಬಹುಮಹಡಿ ವಸತಿ ಸಮುಚ್ಚಯಗಳು. ಇನ್ನೊಂದೆಡೆ, ಕಿರಿದಾದ ಓಣಿಗಳಲ್ಲಿ ಒಂದರ ಮೇಲೊಂದು ಮಹಡಿ ಏರಿಸಿಕೊಂಡ ಹಳೆಯ ಮನೆಗಳು. ಈ ಎರಡನೆಯ ಸಾಲಿನ ಮನೆಗಳ ಗೇಟಿಗೆ ತೂಗುಹಾಕಿದ 'ಮನೆ ಬಾಡಿಗೆಗೆ ಇದೆ', 'ಲೀಸ್‌ಗೆ ಇದೆ' ಎಂಬ ಫಲಕಗಳ ಹಿಂದೆ ಒಂದೊಂದು ಕುಟುಂಬದ ಜೀವನೋಪಾಯವೇ ಅಡಗಿದೆ.

ಸಿಟಿ ರೈಲು ನಿಲ್ದಾಣ ಮತ್ತು ಮೆಜೆಸ್ಟಿಕ್ ಬಸ್ ನಿಲ್ದಾಣಗಳು ಹತ್ತಿರದಲ್ಲೇ ಇವೆ. 2015ರ ನವೆಂಬರ್‌ನಲ್ಲಿ ಮೈಸೂರು ರಸ್ತೆ–ಮಾಗಡಿ ರಸ್ತೆ ನಡುವೆ ಆರಂಭವಾದ ಮೆಟ್ರೊ ಸಂಚಾರ, 2016ರ ಏಪ್ರಿಲ್ ಅಂತ್ಯಕ್ಕೆ ಸುರಂಗ ಮಾರ್ಗದ ಮೂಲಕ ಬೈಯಪ್ಪನಹಳ್ಳಿಯವರೆಗೆ ಬೆಸೆದುಕೊಂಡಿತು. ಇಷ್ಟು ಅನುಕೂಲವಿರುವಾಗ ಇನ್ನೊಂದು ಮಹಡಿ ಕಟ್ಟಿ ಬಾಡಿಗೆಗೆ ಬಿಡುವುದೇ ಭದ್ರವಾದ ಹೂಡಿಕೆ ಎಂದು ಮಾಲೀಕರು ಭಾವಿಸುವುದು ಸಹಜ. ಆದರೆ ಬಾಡಿಗೆದಾರನೊಡನೆ ಬರುವ ಕಾನೂನಿನ ಹೊಣೆಯನ್ನು ಈ ಲೆಕ್ಕದಲ್ಲಿ ಸೇರಿಸುವವರು ವಿರಳ. ಆ ಹೊಣೆಗೂ ಬೆಲೆಯಿದೆ ಎಂಬುದು ಅರಿವಿಗೆ ಬರುವುದು ವಿವಾದ ಎದ್ದ ಮೇಲೆಯೇ.

ಯಾವ ಕಾಯ್ದೆಯ ನೆರಳು?

ಬಾಡಿಗೆ ಮನೆಗಳೆಂದರೆ ಬಾಡಿಗೆ ನಿಯಂತ್ರಣ ಕಾಯ್ದೆ ಎಂಬ ತಿಳಿವಳಿಕೆ ಇಂದಿಗೂ ವ್ಯಾಪಕವಾಗಿದೆ. 1961ರ ಆ ಕಾಯ್ದೆಯ ಸ್ಥಾನದಲ್ಲಿ 'ಕರ್ನಾಟಕ ಬಾಡಿಗೆ ಕಾಯ್ದೆ, 1999' ಬಂದು, 2001ರ ಡಿಸೆಂಬರ್ 31ರಂದು ಜಾರಿಯಾಯಿತು. ಬೆಂಗಳೂರಿನಂತಹ ನಗರದಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳನ್ನು ಹಾಗೂ 14 ಚದರ ಮೀಟರ್ ಮೀರಿದ ವಾಣಿಜ್ಯ ಮಳಿಗೆಗಳನ್ನು ಈ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂದಿಗೆ ಅದು ದೊಡ್ಡ ಮೊತ್ತ. ಇಂದು ಬಿನ್ನಿಪೇಟೆಯಲ್ಲಿ ಒಂದು ಕೋಣೆಯೂ ಆ ಬಾಡಿಗೆಗೆ ದೊರೆಯುವುದು ಕಷ್ಟ. ಪರಿಣಾಮವಾಗಿ ಬಹುಪಾಲು ಮನೆಗಳಿಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಈ ಹಳೆಯ ಕಾಯ್ದೆ ಮಾಲೀಕನಿಗೆ ಬಾಡಿಗೆ ನಿಗದಿಪಡಿಸುವ ಸ್ವಾತಂತ್ರ್ಯ ಕೊಟ್ಟಿದೆ, ಜೊತೆಗೆ ಹೊಣೆಯನ್ನೂ ಹೊರಿಸಿದೆ. ಬಾಡಿಗೆ ಸಲ್ಲಿಸುತ್ತಾ ಕರಾರಿಗೆ ಬದ್ಧನಾಗಿರುವ ಬಾಡಿಗೆದಾರ ಅಡ್ಡಿಯಿಲ್ಲದೆ ವಾಸಿಸಲು ಮಾಲೀಕ ಅವಕಾಶ ಮಾಡಿಕೊಡಬೇಕು. ತಾನು ಮಾಡಿಸಬೇಕಾದ ದುರಸ್ತಿಯನ್ನು ತಿಳಿವಳಿಕೆ ನೀಡಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. 108ನೇ ಸೆಕ್ಷನ್‌ನ ಈ ಅಂಶ ಎಷ್ಟು ಮಾಲೀಕರಿಗೆ ತಿಳಿದಿದೆ?

ಹನ್ನೊಂದು ತಿಂಗಳ ಭ್ರಮೆ

ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಇದನ್ನು ತಪ್ಪಿಸಿಕೊಳ್ಳಲು ಹುಟ್ಟಿದ್ದೇ 11 ತಿಂಗಳ ಕರಾರು. ಅದರಲ್ಲಿ ಕಾನೂನುಬಾಹಿರವಾದುದೇನಿಲ್ಲ. ಆದರೆ ಅವಧಿ ಮುಗಿದ ಮರುದಿನವೇ ಬಾಡಿಗೆದಾರ ಗಂಟುಮೂಟೆ ಕಟ್ಟಬೇಕೆಂಬ ನಂಬಿಕೆ ತಪ್ಪು. ಅವಧಿ ಮುಗಿದ ಮೇಲೂ ಮಾಲೀಕ ಬಾಡಿಗೆ ಸ್ವೀಕರಿಸುತ್ತಾ ಹೋದರೆ ಆ ಬಾಡಿಗೆ ಸಂಬಂಧ ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಅದನ್ನು ಕೊನೆಗೊಳಿಸಲು 106ನೇ ಸೆಕ್ಷನ್‌ನಂತೆ 15 ದಿನಗಳ ನೋಟಿಸ್ ಬೇಕು. ನೋಟಿಸಿಗೂ ಮಣಿಯದಿದ್ದರೆ ಮಾಲೀಕನಿಗೆ ಉಳಿಯುವ ದಾರಿ ನ್ಯಾಯಾಲಯದ್ದು; ಬೆಂಗಳೂರಿನಲ್ಲಿ ಇಂತಹ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯದ ಮುಂದೆ ಹೋಗುತ್ತವೆ.

ಬೀಗ ಒಡೆಯುವುದು, ಸಾಮಾನು ಹೊರಗೆಸೆಯುವುದು, ನೀರು–ವಿದ್ಯುತ್ ಕಡಿತಗೊಳಿಸುವುದು ಮಾಲೀಕನಿಗೇ ತಿರುಗುಬಾಣವಾಗುವ ಕ್ರಮಗಳು. ಕಾನೂನು ಪ್ರಕ್ರಿಯೆಯಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮನೆ ಯಾರದ್ದೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಇನ್ನು ಸೂಕ್ತ ಮುದ್ರಾಂಕ ಶುಲ್ಕ ಸಲ್ಲಿಸದ ಕರಾರು ಪತ್ರವನ್ನು ಶುಲ್ಕ ಮತ್ತು ದಂಡ ಕಟ್ಟುವವರೆಗೆ ನ್ಯಾಯಾಲಯ ಸಾಕ್ಷ್ಯವಾಗಿ ಪರಿಗಣಿಸದು.

ಭೋಗ್ಯದ ಹಣ ಯಾರದ್ದು?

ಹಳೆಯ ಬಡಾವಣೆಗಳಲ್ಲಿ ಬಾಡಿಗೆಯಷ್ಟೇ ಜನಪ್ರಿಯವಾದುದು ಭೋಗ್ಯ ಪದ್ಧತಿ. ಬಾಡಿಗೆದಾರ ಇಡಿಗಂಟು ಕೊಟ್ಟು ಮಾಸಿಕ ಬಾಡಿಗೆಯಿಲ್ಲದೆ ವಾಸಿಸುತ್ತಾನೆ. ಬಿಡುವಾಗ ಪೂರ್ತಿ ಮೊತ್ತ ವಾಪಸ್. ಮಗಳ ಮದುವೆ, ಮಗನ ಓದು, ಮೇಲ್ಮಹಡಿ ನಿರ್ಮಾಣದಂತಹ ಖರ್ಚುಗಳಿಗೆ ಮಾಲೀಕರು ನೆಚ್ಚಿಕೊಂಡಿರುವುದು ಈ ಹಣವನ್ನೇ.

ಇಲ್ಲೇ ಅಪಾಯವೂ ಇದೆ. ಭೋಗ್ಯದ ಹಣ ವರಮಾನವಲ್ಲ, ಸಾಲ. ಉದಾಹರಣೆಗೆ 10 ಲಕ್ಷ ರೂ. ಭೋಗ್ಯಕ್ಕೆ ಮನೆ ಕೊಟ್ಟರೆ, ಶೇ. 8ರ ಬಡ್ಡಿಯ ಲೆಕ್ಕದಲ್ಲಿ ಮಾಲೀಕನಿಗೆ ಆಗುವ ಅನುಕೂಲ ವರ್ಷಕ್ಕೆ 80 ಸಾವಿರ, ಅಂದರೆ ತಿಂಗಳಿಗೆ ಸುಮಾರು 6,700 ರೂ. ಅದೇ ಮನೆಗೆ 12 ಸಾವಿರ ರೂ. ಬಾಡಿಗೆ ಬರುವಂತಿದ್ದರೆ ಆತ ಕೈಯಾರೆ ನಷ್ಟ ಮಾಡಿಕೊಂಡಂತೆ. ಹಣ ಖರ್ಚಾಗಿಹೋಗಿ, ಹೊಸ ಭೋಗ್ಯದಾರ ಸಿಗುವವರೆಗೆ ಹಳಬರಿಗೆ ಹಿಂತಿರುಗಿಸಲಾಗದೆ ಉಂಟಾಗುವ ಜಗಳಗಳು ಬೇರೆ.

ಇಂತಹ ಮೊತ್ತವನ್ನು ನಗದಾಗಿ ಪಡೆಯುವುದೂ ಅಪಾಯಕಾರಿ. 20 ಸಾವಿರ ರೂ. ಅಥವಾ ಅದಕ್ಕಿಂತ ಹೆಚ್ಚಿನ ಸಾಲ, ಠೇವಣಿಗಳನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಬ್ಯಾಂಕಿಗೆ ಅಡವಿಟ್ಟ ಮನೆಯನ್ನು ಆ ವಿಷಯ ಮುಚ್ಚಿಟ್ಟು ಭೋಗ್ಯಕ್ಕೆ ಕೊಟ್ಟರಂತೂ, ಸಾಲ ಮರುಪಾವತಿ ತಪ್ಪಿದ ದಿನ ಮನೆ ಹರಾಜಿಗೆ ಬಂದು ಮಾಲೀಕನ ಮೇಲೆ ವಂಚನೆಯ ದೂರೂ ದಾಖಲಾಗಬಹುದು.

ಇನ್ನೊಂದು ಮಹಡಿ ಲಾಭವೇ?

ಮಹಡಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬಹುದು. 20 ಲಕ್ಷ ರೂ. ಸಾಲ ತೆಗೆದು ಕಟ್ಟಿದ ಮಹಡಿಗೆ ತಿಂಗಳಿಗೆ 15 ಸಾವಿರ ರೂ. ಬಾಡಿಗೆ ಬರುತ್ತದೆಂದು ಭಾವಿಸೋಣ. ಶೇ. 9ರ ದರದಲ್ಲಿ ಮೊದಲ ವರ್ಷದ ಬಡ್ಡಿಯೇ ಸುಮಾರು 1.8 ಲಕ್ಷ ರೂ.; ವರ್ಷದ ಬಾಡಿಗೆಯೂ ಅಷ್ಟೇ. ಸಾಲವನ್ನು 15 ವರ್ಷಗಳಲ್ಲಿ ತೀರಿಸಬೇಕಾದರೆ ಮಾಸಿಕ ಕಂತು 20 ಸಾವಿರ ರೂ. ದಾಟುತ್ತದೆ. ಮನೆ ಒಂದು ತಿಂಗಳು ಖಾಲಿ ಉಳಿದರೆ, ಸುಣ್ಣಬಣ್ಣ, ಕೊಳಾಯಿ ರಿಪೇರಿ, ಆಸ್ತಿ ತೆರಿಗೆಗಳು ಸೇರಿದರೆ ಕೊರತೆ ಇನ್ನೂ ಹೆಚ್ಚು. 2008ರಲ್ಲಿ ಬಂದ ಘಟಕ ಪ್ರದೇಶ ಮೌಲ್ಯ ಪದ್ಧತಿಯಲ್ಲಿ ಬಾಡಿಗೆ ಮನೆಗೆ ಸ್ವಂತ ವಾಸದ ಮನೆಯ ಎರಡರಷ್ಟು ತೆರಿಗೆ ದರ ಗೊತ್ತುಪಡಿಸಿದ್ದು ಇಲ್ಲಿ ಸ್ಮರಣೀಯ. ಆದಾಯ ತೆರಿಗೆಯಲ್ಲಿ ಪಾಲಿಕೆ ತೆರಿಗೆ ಕಳೆದ ಬಾಡಿಗೆಯ ಮೇಲೆ ಶೇ. 30ರ ಕಡಿತವಿರುವುದು ಮತ್ತು ಸಾಲದ ಬಡ್ಡಿಗೂ ಅವಕಾಶವಿರುವುದು ಮಾತ್ರ ಕೊಂಚ ಸಮಾಧಾನ.

ಕಟ್ಟಡದ ಸಾಧುತ್ವ ಮತ್ತೊಂದು ಪ್ರಶ್ನೆ. ಸ್ವಾಧೀನ ಪ್ರಮಾಣ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ನೀಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ವಸತಿ ಕಟ್ಟಡಗಳಿಗೆ ಮಹಡಿಗಳ ಮಿತಿಯೊಂದಿಗೆ ವಿನಾಯಿತಿ ಕೊಟ್ಟಿತು. ಮಿತಿ ಮೀರಿ ಏರಿಸಿದ ಮಹಡಿಗೆ ಆ ರಕ್ಷಣೆ ದೊರೆಯುವುದಿಲ್ಲ. ಮನೆಯನ್ನು ಪೇಯಿಂಗ್ ಗೆಸ್ಟ್ ವಸತಿಯಾಗಿ ಬದಲಿಸಿದರೆ ಹೆಚ್ಚು ಗಳಿಕೆ ಎಂದುಕೊಳ್ಳುವವರೂ ಎಚ್ಚರಿಕೆ ವಹಿಸಬೇಕು: 2024ರಲ್ಲಿ ಪಾಲಿಕೆ ಹೊರಡಿಸಿದ ಮಾರ್ಗಸೂಚಿಯು ಪರವಾನಗಿ, ಸಿಸಿಟಿವಿ, ಅಡುಗೆಯಿದ್ದರೆ ಆಹಾರ ಸುರಕ್ಷತಾ ಪರವಾನಗಿ, ತಲಾ ಕನಿಷ್ಠ 70 ಚದರ ಅಡಿ ಜಾಗವನ್ನು ಕಡ್ಡಾಯಗೊಳಿಸಿತು.

ಸುರಕ್ಷತೆಯ ವಿಷಯದಲ್ಲಿ ಬಿನ್ನಿಪೇಟೆಗೆ ದೂರದ ಉದಾಹರಣೆ ಬೇಕಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಿನ್ನಿ ಮಿಲ್ ಬಳಿಯ ಪೊಲೀಸ್ ವಸತಿಗೃಹದ ಬಹುಮಹಡಿ ಕಟ್ಟಡ ವಾಲಿ, ಅಲ್ಲಿದ್ದ ಕುಟುಂಬಗಳನ್ನು ತೆರವುಗೊಳಿಸಬೇಕಾಯಿತು. ಸರ್ಕಾರ ಕಟ್ಟಿಸಿದ ಕಟ್ಟಡದ ಗತಿಯೇ ಹೀಗಾದರೆ, ಎರಡು ಮಹಡಿಗೆ ಹಾಕಿದ ಪಾಯದ ಮೇಲೆ ನಾಲ್ಕು ಮಹಡಿ ಏರಿಸಿದ ಮನೆಗಳ ಪಾಡೇನು?

ಮುಂದಿನ ದಾರಿ

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ ಮಾದರಿ ಬಾಡಿಗೆ ಕಾಯ್ದೆ, ವಸತಿ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸಬೇಕೆನ್ನುತ್ತದೆ. ಹತ್ತು ತಿಂಗಳ ಮುಂಗಡಕ್ಕೆ ಒಗ್ಗಿದ ಬೆಂಗಳೂರಿನ ಮಾಲೀಕರಿಗೆ ಇದು ಕಹಿಗುಳಿಗೆ. ಆದರೆ ಅದು ಮಾದರಿಯಷ್ಟೇ. ರಾಜ್ಯ ಅಂಗೀಕರಿಸದ ಹೊರತು ಇಲ್ಲಿ ಬಂಧನಕಾರಿಯಲ್ಲ. ಹಾಗಿದ್ದರೂ ಮುಂಗಡದ ಹಣವನ್ನೇ ನೆಚ್ಚಿಕೊಂಡ ಲೆಕ್ಕಾಚಾರ ಎಂದೆಂದಿಗೂ ನಡೆಯದು ಎಂಬ ಸೂಚನೆ ಅದರಲ್ಲಿದೆ.

ಬಿನ್ನಿಪೇಟೆಯ ಸಣ್ಣ ಮಾಲೀಕ ಸಿರಿವಂತನೇನಲ್ಲ. ಆತನ ಹೂಡಿಕೆಯೆಲ್ಲ ಒಂದೇ ಮನೆಯಲ್ಲಿದೆ, ಆ ಮನೆಯಲ್ಲೇ ಆತನೂ ವಾಸವಿದ್ದಾನೆ. ಆದ್ದರಿಂದಲೇ ಒಂದು ವ್ಯಾಜ್ಯ ಆತನನ್ನು ವರ್ಷಗಟ್ಟಲೆ ಹಿಂಡಬಲ್ಲದು. ಸರಿಯಾದ ಕರಾರು ಪತ್ರ, ಬ್ಯಾಂಕ್ ಮೂಲಕವೇ ಹಣದ ವ್ಯವಹಾರ, ಮುಂಗಡವನ್ನು ಮುಟ್ಟದೆ ಠೇವಣಿಯಲ್ಲಿಡುವ ಶಿಸ್ತು, ಸಕಾಲದ ದುರಸ್ತಿ – ಇವಕ್ಕೆ ತಗಲುವ ವೆಚ್ಚ ಅಲ್ಪ. ಗೇಟಿಗೆ ಫಲಕ ತೂಗುಹಾಕುವ ಮುನ್ನವೇ ಈ ವೆಚ್ಚವನ್ನು ಲೆಕ್ಕಕ್ಕೆ ಹಿಡಿದವನಿಗೆ ಬಾಡಿಗೆ ಮನೆ ಆಸರೆಯಾದೀತು. ಹಿಡಿಯದವನಿಗೆ ಅದೇ ಹೊರೆಯಾಗುವುದರಲ್ಲಿ ಅನುಮಾನವಿಲ್ಲ.