ಹಳೇ ಚಕ್ಕಡಿಗೂ ಅರ್ಜಿಯಲ್ಲಿ ಒಂದು ಕಾಲಂ ಇರಲಿ

ಗುಡಗೇರಿ, ತಾಲೂಕು ಕುಂದಗೋಳ, ಜಿಲ್ಲೆ ಧಾರವಾಡ

ರೈತರ ಸಹಾಯಧನದ ಯೋಜನೆಗಳನ್ನು ಬರೆಯುವ ಹಿರಿಯರಿಗೆ,

ಮಾನ್ಯರೇ,

ಹೋದ ವಾರ ನಮ್ಮ ಮನೆಯ ಚಕ್ಕಡಿಯ ಎಡಗಾಲಿ ಕುಳಿತುಬಿಟ್ಟಿತು. ಮುರಿಯಿತು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೊಲದಿಂದ ಜೋಳದ ಕಣಿಕೆ ಹೇರಿಕೊಂಡು ಹಳ್ಳದ ಏರು ಹತ್ತುವಾಗ ಗಾಲಿಯ ನಡುವಿನ ಗುಂಬ ಸೀಳಿತು, ಎರಡು ಅರ ಕಳಚಿದವು, ಸುತ್ತಿನ ಕಬ್ಬಿಣದ ಹಳಿ ಒಂದು ಮಗ್ಗುಲಿಗೆ ಜಾರಿತು. ನಾನು ಹೋ ಅನ್ನುವ ಮೊದಲೇ ಎತ್ತುಗಳು ನಿಂತಿದ್ದವು. ಟ್ರ್ಯಾಕ್ಟರ್ ಆಗಿದ್ದರೆ ಕಣಿಕೆ ಸಮೇತ ಹಳ್ಳಕ್ಕೆ ಇಳಿದಿರುತ್ತಿದ್ದೆ.

ಈ ಚಕ್ಕಡಿ ನಮ್ಮಪ್ಪ 1978ರಲ್ಲಿ ಮಾಡಿಸಿದ್ದು. ಗುಂಬಕ್ಕೂ ಅರಗಳಿಗೂ ಕರಿಜಾಲಿ, ಮೂಕಿಗೂ ಮೈಗೂ ಸಾಗವಾನಿ. ಜಯಧರ ಹತ್ತಿಯ ಅಂಡಿಗೆ ಹೇರಿಕೊಂಡು ಹುಬ್ಬಳ್ಳಿಗೆ, ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೋಗಿ ಬಂದದ್ದು. ಊರಲ್ಲೇ ರೈಲು ನಿಲ್ದಾಣ ಇದ್ದರೂ ಅಪ್ಪನಿಗೆ ಚಕ್ಕಡಿಯ ಮೇಲೇ ನಂಬಿಕೆ. ರೈಲಿನವರು ಕಾಯುವುದಿಲ್ಲ, ಎತ್ತು ಕಾಯುತ್ತವೆ ಅನ್ನುತ್ತಿದ್ದ. ಸೀಗಿ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಚರಗ ಚೆಲ್ಲಲು ಓಣಿಯ ಅರ್ಧ ಮಂದಿ ಇದರಲ್ಲೇ ಹೊಲಕ್ಕೆ ಹೋಗುತ್ತಿದ್ದರು. ಇದನ್ನೆಲ್ಲ ಬರೆದರೆ ಭಾವನೆಯ ಮಾತಾಯಿತು ಅನ್ನುತ್ತೀರಿ. ಸರಿ, ಲೆಕ್ಕಕ್ಕೇ ಬರುತ್ತೇನೆ.

ನೆರೆಯೂರಿನಿಂದ ಬಡಿಗೇರರನ್ನು ಕರೆಸಿದೆ. ನಮ್ಮೂರಲ್ಲಿ ಬಡಿಗತನದವರು ಇದ್ದಾರೆ, ಆದರೆ ಈಗ ಅವರ ಕೆಲಸ ಬಾಗಿಲು, ಕಿಟಕಿ, ಕಪಾಟು. ಗಾಲಿ ಕಟ್ಟುವವರು ಉಳಿದಿಲ್ಲ. ಬಂದವರು ಎಪ್ಪತ್ತು ದಾಟಿದವರು. ಗಾಲಿ ಬಡಿದು ನೋಡಿ, ಸಪ್ಪಳ ಕೇಳಿ, ಹೊಸ ಗುಂಬ, ಆರು ಅರ, ಎರಡೂ ಗಾಲಿಗೆ ಹಳಿ ಕಾಸಿ ಬಿಗಿ ಮಾಡುವುದು, ಎಲ್ಲ ಸೇರಿ 16 ಸಾವಿರ ಅಂದರು. ಮಗ ಟೈರಿನ ಕಬ್ಬಿಣದ ಗಾಡಿ ವಿಚಾರಿಸಿಕೊಂಡು ಬಂದ: 70 ಸಾವಿರ. ಜತೆಗೆ ಇನ್ನೊಂದು ಸಲಹೆಯನ್ನೂ ತಂದಿದ್ದ. “ಅಪ್ಪಾ, ಮೈ ಕಟ್ಟಿಗಿ ಒಲಿಗಿ ಹಾಕೂಣು. ಗಾಲಿ ಮಾತ್ರ ಡಾಬಾದವ್ರಿಗೆ ಕೊಡೂಣು, ಗ್ವಾಡಿಗೆ ಆನಿಸಿಡಾಕ ಚೊಲೋ ರೊಕ್ಕ ಕೊಡ್ತಾರ.” ದುಡಿಯುವ ಗಾಲಿಗೆ ಸಹಾಯವಿಲ್ಲ, ಸತ್ತ ಗಾಲಿಗೆ ಹೆದ್ದಾರಿಯ ಊಟದ ಮನೆಯಲ್ಲಿ ದೀಪ ಹಾಕಿ ನಿಲ್ಲಿಸುವ ಮರ್ಯಾದೆ.

ಅಲ್ಲಿಂದ ನನ್ನ ಕುಂದುಕೊರತೆ ಶುರುವಾಗುತ್ತದೆ. ದುರಸ್ತಿಗೆ ಏನಾದರೂ ಸಹಾಯ ಸಿಕ್ಕೀತೇ ಎಂದು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ, ಏಕೆಂದರೆ ತಪ್ಪು ಅಲ್ಲಿ ಕುಳಿತ ಹುಡುಗನದಲ್ಲ. ಅವನು ಚಹಾ ತರಿಸಿದ, ಮರ್ಯಾದೆಯಿಂದ ಮಾತಾಡಿದ. “ಅಲ್ರೀ ಯಜಮಾನ್ರ, ಹೊಸಾದು ತೊಗೋಳ್ರಿ, ಅರ್ಜಿ ನಾನ ತುಂಬಿಕೊಡ್ತೀನಿ. ರಿಪೇರಿ ಅಂದ್ರ ಎಲ್ಲಿ ಬರೀಲಿ ಹೇಳ್ರಿ? ಕಾಲಮ್ಮ ಇಲ್ಲ.” ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದ. ನಿಜವಾಗಿಯೂ ಇರಲಿಲ್ಲ.

ನಿಮ್ಮ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಹೊಸ ಯಂತ್ರ ಕೊಂಡರೆ ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90 ಸಹಾಯಧನ ಇದೆ. ಕೊಳ್ಳಲಾಗದವರಿಗೆ ಬಾಡಿಗೆಗೆ ಸಿಗಲಿ ಎಂದು 2014-15ರಲ್ಲಿ ಕೃಷಿ ಯಂತ್ರಧಾರೆ ಶುರು ಮಾಡಿದಿರಿ. ಎರಡಕ್ಕೂ ನನ್ನ ತಕರಾರಿಲ್ಲ. ನಾನೂ ಮಾಗಿ ಹೊಡೆಯಲು ಟ್ರ್ಯಾಕ್ಟರ್ ಕರೆಯುತ್ತೇನೆ, ಹೆಸರು, ಕಡಲೆ ಮಷೀನಿಗೇ ಹಾಕುತ್ತೇನೆ. ಎತ್ತು, ಗಾಡಿಗೆ ಬ್ಯಾಂಕು ಸಾಲ ಕೊಡುವ ಪದ್ಧತಿಯೂ ಹಳೆಯದೇ. ಆದರೆ ಎಲ್ಲ ಕಡೆ ಒಂದೇ ಷರತ್ತು: ಹೊಸ ಕೊಟೇಶನ್ ತರಬೇಕು, ಹೊಸ ಬಿಲ್ ತರಬೇಕು, ಹೊಸದರ ಮುಂದೆ ನಿಂತು ಫೋಟೊ ತೆಗೆಸಬೇಕು. 16 ಸಾವಿರದಲ್ಲಿ ಇನ್ನೂ ಇಪ್ಪತ್ತು ವರ್ಷ ನಡೆಯಬಲ್ಲ ಸಾಮಾನನ್ನು ಒಲೆಗೆ ಹಾಕಿ 70 ಸಾವಿರಕ್ಕೆ ಸಾಲ ಮಾಡಿದರೆ ಮಾತ್ರ ನಾನು ನಿಮ್ಮ ಕಣ್ಣಿಗೆ ರೈತ.

ಗಾಲಿಗೆ ಹಳಿ ಹಾಕುವುದನ್ನು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರೋ ಕಾಣೆ. ಹಳಿಯ ಸುತ್ತಳತೆ ಗಾಲಿಯ ಸುತ್ತಳತೆಗಿಂತ ಬೆರಳಿನಷ್ಟು ಕಡಿಮೆ ಇಡುತ್ತಾರೆ. ಬಯಲಲ್ಲಿ ಅದನ್ನು ಮಲಗಿಸಿ ಸುತ್ತ ಕುಳ್ಳು ಒಟ್ಟಿ ಬೆಂಕಿ ಕೊಡುತ್ತಾರೆ. ಕಬ್ಬಿಣ ಕೆಂಪಾಗಿ ಹಿಗ್ಗಿದ ಮೇಲೆ ನಾಲ್ಕು ಮಂದಿ ಇಕ್ಕಳದಿಂದ ಎತ್ತಿ ಗಾಲಿಗೆ ಕೂಡಿಸುತ್ತಾರೆ. ಕಟ್ಟಿಗೆ ಹೊತ್ತಿಕೊಳ್ಳುವಷ್ಟರಲ್ಲಿ ಸುತ್ತಿಗೆಯ ಏಟು, ಅದರ ಹಿಂದೆಯೇ ಕೊಡಗಟ್ಟಲೆ ನೀರು. ಚುಂಯ್ ಎಂದು ಹೊಗೆ ಏಳುತ್ತದೆ, ಹಳಿ ಕುಗ್ಗುತ್ತದೆ, ಒಂದೊಂದು ಅರವೂ ಗುಂಬದೊಳಕ್ಕೆ ಕಚ್ಚಿಕೊಳ್ಳುವ ಸಪ್ಪಳ ಕೇಳುತ್ತದೆ. ಮೊಳೆ ಇಲ್ಲ, ಅಂಟು ಇಲ್ಲ. ಒಂದು ಕ್ಷಣ ಮುಂಚೆ ನೀರು ಬಿದ್ದರೆ ಹಳಿ ಅರ್ಧಕ್ಕೇ ಹಿಡಿಯುತ್ತದೆ. ತಡವಾದರೆ ಗಾಲಿ ಸುಟ್ಟಿತು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲಾದರೆ ಗಾಲಿಯನ್ನು ಹಳ್ಳದ ನೀರಲ್ಲಿ ನೆನೆಹಾಕುತ್ತಿದ್ದೆವು. ಇಷ್ಟೂ ಕೆಲಸಕ್ಕೆ ಬೇಕಾದ ಕಸುಬಿನವರು ಇಬ್ಬರು, ಬಡಿಗೇರ ಮತ್ತು ಕಮ್ಮಾರ. ಒಬ್ಬರು ಸಿಕ್ಕು ಇನ್ನೊಬ್ಬರು ಸಿಗದಿದ್ದರೆ ಗಾಲಿ ಇಲ್ಲ.

ಎದುರು ವಾದವನ್ನೂ ನಾನೇ ಹೇಳಿಬಿಡುತ್ತೇನೆ, ನಿಮಗೆ ತೊಂದರೆ ಬೇಡ. ಕಟ್ಟಿಗೆಯ ಚಕ್ಕಡಿ ಖಾಲಿ ಇದ್ದಾಗಲೂ ಭಾರ. ಹಳಿಯ ಗಾಲಿ ಡಾಂಬರು ರಸ್ತೆಯನ್ನು ಕೊರೆಯುತ್ತದೆ. ಟೈರಿನ ಗಾಡಿಯನ್ನು ಎತ್ತು ಸುಲಭವಾಗಿ ಎಳೆಯುತ್ತವೆ, ಹೇರೂ ಜಾಸ್ತಿ ಹಿಡಿಯುತ್ತದೆ. ನೊಗದ ತಿಕ್ಕಾಟಕ್ಕೆ ಎತ್ತಿನ ಹೆಗಲು ಹುಣ್ಣಾಗುವುದನ್ನು ನೋಡಿದವನಿಗೆ ಹಳೆಯದೆಲ್ಲ ಚಿನ್ನ ಅನ್ನಲು ಮನಸ್ಸು ಬಾರದು. ಆದರೆ ಇದೂ ಹೊಸ ವಿಚಾರವಲ್ಲ. ನಮ್ಮ ಚಕ್ಕಡಿ ತಯಾರಾದ ಹೊತ್ತಿಗೇ ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಬಗ್ಗೆ ದೊಡ್ಡ ಅಧ್ಯಯನವನ್ನೇ ಮಾಡಿ 1979ರಲ್ಲಿ ಪುಸ್ತಕ ತಂದರು. ಕಂಪನಿ ನಡೆಸುವುದನ್ನು ಕಲಿಸುವ ಸಂಸ್ಥೆಯ ಮುಖ್ಯಸ್ಥರಿಗೆ ಎತ್ತಿನ ಹೆಗಲಿನ ಚಿಂತೆ ಹತ್ತಿತ್ತು! ಗಾಡಿಯನ್ನು ಬಿಸಾಡಿ ಅಂತ ಅವರು ಹೇಳಲಿಲ್ಲ. ಭಾರ ಇಳಿಸಿ, ಗಾಲಿ ಸುಧಾರಿಸಿ, ನೊಗ ಸರಿಪಡಿಸಿ ಅಂದರು. ಹಳೇ ಮೈಗೆ ಹೊಸ ಅಚ್ಚು, ಬೇರಿಂಗು, ಟೈರು ಕೂಡಿಸುವ ದಾರಿಯೂ ಇದೆ. ಅದಕ್ಕೂ ನಿಮ್ಮ ಅರ್ಜಿಯಲ್ಲಿ ಜಾಗ ಇಲ್ಲ, ಏಕೆಂದರೆ ಅದು ಅರ್ಧ ಹಳೆಯದು.

ನಮ್ಮ ಎರಿ ನೆಲದ ಮಾತು ಬೇರೆ. ಹಸಿ ಎರಿಯಲ್ಲಿ ಭಾರದ ಟ್ರ್ಯಾಕ್ಟರ್ ಓಡಾಡಿದರೆ ಅಡಿಯ ಮಣ್ಣು ಗಟ್ಟಿಯಾಗಿ ಮುಂದಿನ ಬೆಳೆಯ ಬೇರು ಇಳಿಯುವುದಿಲ್ಲ. ಎರಡು ಚೀಲ ಗೊಬ್ಬರಕ್ಕೂ ಒಂದು ಹೊರೆ ಮೇವಿಗೂ ಟ್ರಾಲಿಗೆ ಬಾಡಿಗೆ ಕೊಡುವುದು ನಾಲ್ಕೆಕರೆಯವನಿಗೆ ಪೂರೈಸುವುದೂ ಇಲ್ಲ. ಹೊಲದಲ್ಲಿ ಎತ್ತು ಇರಬೇಕಾದರೆ ಮನೆಮುಂದೆ ಚಕ್ಕಡಿ ಇರಬೇಕು. ವರ್ಷದಲ್ಲಿ ಬಿತ್ತುವ, ಹರಗುವ ನಾಲ್ಕು ದಿನಕ್ಕಾಗಿ ಯಾರೂ ಎತ್ತು ಸಾಕುವುದಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ನಾಟಿ ದನಗಳು ಹಿಂದಿನ ಗಣತಿಗಿಂತ ಶೇ. 6ರಷ್ಟು ಕಡಿಮೆಯಾದವು. ಎರಿ ನೆಲದಲ್ಲಿ ಜಗ್ಗಲೆಂದೇ ಬೆಳೆಸಿದ ಕೃಷ್ಣಾ ತೀರದ ತಳಿಯ ಎತ್ತನ್ನು ಈಗ ಹುಡುಕಬೇಕು. ತಳಿ ಉಳಿಸಿ ಎಂದು ಒಂದು ಇಲಾಖೆ ಭಾಷಣ ಮಾಡುತ್ತದೆ. ಆ ಎತ್ತು ಏನನ್ನು ಎಳೆಯಬೇಕು ಎಂದು ಇನ್ನೊಂದು ಇಲಾಖೆಯನ್ನು ಕೇಳುವವರಿಲ್ಲ.

ಕರಾವಳಿಯ ಮೀನುಗಾರರಿಗೂ ಇದೇ ಪೇಚು ಇದೆ. ಹಳೇ ಮರದ ದೋಣಿಗೆ ಹಲಗೆ ಬದಲಿಸಿ ಕಡಲಿಗಿಳಿಸುವುದೋ, ಫೈಬರಿನದು ಕೊಳ್ಳುವುದೋ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆ ಸಾಂಪ್ರದಾಯಿಕ ಮೀನುಗಾರರಿಗೆ ಹಳೆಯದರ ಬದಲು ದೋಣಿ, ಬಲೆ ಕೊಡಲು ಸಹಾಯ ಮಾಡುತ್ತದೆ. ಅಷ್ಟಾದರೂ ಅವರ ದೋಣಿಗೆ ಸರಕಾರದ ಕಾಗದದಲ್ಲಿ ದೋಣಿ ಎಂಬ ಹೆಸರಿದೆ. ನಮಗೆ ಕಡಲಿಲ್ಲ, ಮುಂಗಾರಿನಲ್ಲಿ ಕಾಲು ಹೂತುಹೋಗುವ ಕರೀ ಎರಿ ಇದೆ. ಅದನ್ನು ದಾಟಿಸುವ ದೋಣಿ ಈ ಚಕ್ಕಡಿ.

2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾದಾಗ ನನಗೆ ಖುಷಿಯಾಗಿತ್ತು. 18 ಕಸುಬುಗಳ ಪಟ್ಟಿಯಲ್ಲಿ ಬಡಗಿ ಇದ್ದಾನೆ, ದೋಣಿ ಕಟ್ಟುವವನಿದ್ದಾನೆ, ಕಮ್ಮಾರನಿದ್ದಾನೆ. ಉಪಕರಣಕ್ಕೆ 15 ಸಾವಿರ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ನಮ್ಮ ಬಡಿಗೇರರಿಗೆ ಇದನ್ನು ಹೇಳಿದೆ. ಅವರು ನಕ್ಕರು. “ಉಳಿ ಕೊಡ್ತಾರಂತ, ಚೊಲೋ ಆತು. ಗಾಲಿ ಯಾರ್ ಕೊಡ್ತಾರ?” ಕೈಗೆ ಉಪಕರಣ ಕೊಟ್ಟು ಆ ಕೈಗೆ ಬರುವ ಕೆಲಸವನ್ನು ಇನ್ನೊಂದು ಯೋಜನೆಯಿಂದ ಒಲೆಗೆ ಹಾಕಿಸಿದರೆ ಅವರು ಕಪಾಟನ್ನೇ ಮಾಡಬೇಕು. ಇವರ ಮಗ ಹುಬ್ಬಳ್ಳಿಯಲ್ಲಿ ಪ್ಲೈವುಡ್ ಕೆಲಸಕ್ಕೆ ಹೋಗುತ್ತಾನೆ. ಗುಂಬಕ್ಕೆ ತೂತು ಕೊರೆಯುವ ಲೆಕ್ಕ ಅಪ್ಪನ ತಲೆಯಲ್ಲೇ ಇದೆ, ಕಾಗದದಲ್ಲಿ ಎಲ್ಲೂ ಇಲ್ಲ.

ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಉಳವಿ ಚೆನ್ನಬಸವೇಶ್ವರನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರಲ್ಲ, ಆಗ ಪತ್ರಿಕೆಯವರು ಸಾಲು ಸಾಲು ಗಾಡಿಗಳ ಚಿತ್ರ ಹಾಕುತ್ತಾರೆ. ಕೊಲ್ಲಾರಿ ಕಟ್ಟಿದ ಗಾಡಿ, ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ದಾಂಡೇಲಿ, ಜೋಯಿಡಾದ ಅಡವಿಯೊಳಗಿನ ದಾರಿ. ನಮ್ಮ ಸಂಸ್ಕೃತಿ ಎಂದು ಕೆಳಗೆ ಒಂದು ಸಾಲು ಬರೆಯುತ್ತಾರೆ. ಉಳಿದ ದಿನ ಆ ಗಾಲಿಗೆ ಕೀಲೆಣ್ಣೆ ಹಾಕುವವರು ಯಾರು ಎಂದು ಯಾರಿಗೂ ಗೊತ್ತಿರುವುದಿಲ್ಲ. ಅಡವಿಯ ಏರಿನಲ್ಲಿ ಕಡಾಣಿ ಕಳಚಿ ಗಾಲಿ ಹೊರಬಿದ್ದರೆ ಆ ರಾತ್ರಿ ಏನಾಗುತ್ತದೆ ಎಂಬುದು ಹೋದವರಿಗೆ ಗೊತ್ತು. ನಾವು ಮೂರು ಸಲ ಹೋಗಿದ್ದೇವೆ, ಒಂದು ಸಲ ಹಾಗೆ ಆಗಿದೆ. ಅದರ ಕತೆ ಇಲ್ಲಿ ಬೇಡ.

ನಾನು ಕೇಳುವುದು ದೊಡ್ಡದಲ್ಲ. ಹೊಸ ಉಪಕರಣಕ್ಕೆ ಕೊಡುವ ಸಹಾಯಧನದ ಅರ್ಜಿಯಲ್ಲೇ ದುರಸ್ತಿ ಎಂದು ಒಂದು ಕಾಲಂ ಹಾಕಿ. ಹೊಸದರ ದರದ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲಿ ಹಳೆಯದು ಸರಿಯಾಗುವುದಾದರೆ ಅದಕ್ಕೇ ಮೊದಲು ಹಣ ಕೊಡಿ, ಸರಕಾರಕ್ಕೂ ಉಳಿತಾಯ. ಬಿಲ್ ಬೇಕೆಂದರೆ ವಿಶ್ವಕರ್ಮ ಯೋಜನೆಯಲ್ಲಿ ಹೆಸರು ಬರೆಸಿದ ಬಡಗಿಯ, ಕಮ್ಮಾರನ ಸಹಿಯೇ ಬಿಲ್ ಎಂದು ಒಪ್ಪಿಕೊಳ್ಳಿ. ಅವರಿಗೆ ಜಿಎಸ್‌ಟಿ ನಂಬರು ಎಲ್ಲಿಂದ ಬರಬೇಕು? ಗಾಲಿ ಕಟ್ಟುವ ಕೆಲಸವನ್ನು ತಾಲೂಕಿಗೆ ಇಬ್ಬರು ಹುಡುಗರಾದರೂ ಹಿರಿಯರ ಕೈಯಲ್ಲಿ ಕಲಿಯುವಂತೆ ಕೂಲಿ ಕೊಟ್ಟು ಕೂಡಿಸಿ. ಧಾರವಾಡದ ಕೃಷಿ ಮೇಳದಲ್ಲಿ ಟ್ರ್ಯಾಕ್ಟರ್‌ಗಳ ನಡುವೆ ಒಂದು ದಿನ ಹಳಿ ಕಾಸಿ ತೋರಿಸಿ. ಜನ ಸೇರುತ್ತಾರೆ, ನೋಡಿ ಬೇಕಾದರೆ.

ಹಳೇ ಹಕ್ಕನ್ನು ಎತ್ತಿ ಕೇಳುವುದು ನಮ್ಮೂರಿಗೆ ಹೊಸದೂ ಅಲ್ಲ. ಇಲ್ಲಿ ಸಿಕ್ಕ 1076ರ ಜೈನ ಶಾಸನದಲ್ಲಿ ಶ್ರೀನಂದಿ ಪಂಡಿತರು ಪುರಿಗೆರೆಯ, ಅಂದರೆ ಈಗಿನ ಲಕ್ಷ್ಮೇಶ್ವರದ, ಆನೆಸೆಜ್ಜೆಯ ಬಸದಿಗೆ ಸೇರಿದ ಗುಡಿಗೆರೆಯ, ಅಂದರೆ ನಮ್ಮೂರಿನ, ಹೊಲಗಳನ್ನು ಹಳೆಯ ತಾಮ್ರಪಟದ ಆಧಾರದಿಂದ ಮತ್ತೆ ಪಡೆದುಕೊಂಡರೆಂದು ಇದೆ. ಬಸದಿ ಕಟ್ಟಿಸಿದ್ದು ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ, ಅದಕ್ಕಿಂತ ಮುನ್ನೂರು ವರ್ಷಕ್ಕೂ ಹಿಂದೆ. ನನ್ನ ಅರ್ಜಿಗೆ ಅಷ್ಟು ಹೊತ್ತು ತೆಗೆದುಕೊಳ್ಳಬೇಡಿ, ಬಡಿಗೇರರಿಗೆ ವಯಸ್ಸಾಗಿದೆ.

ಚಕ್ಕಡಿಯ ವಿಷಯ ನಾನು ತೀರ್ಮಾನ ಮಾಡಿಯಾಯಿತು. ಗಾಲಿ ಬಿಚ್ಚಿ ಕೊಟ್ಟಿದ್ದೇನೆ, ಕೈಯಿಂದಲೇ 5 ಸಾವಿರ ಮುಂಗಡವನ್ನೂ ಕೊಟ್ಟೆ. ಗುಂಬಕ್ಕೆ ಕರಿಜಾಲಿ ಸಿಕ್ಕಿದೆ, ಹಿತ್ತಲಲ್ಲಿ ಕುಳ್ಳು ಒಟ್ಟಿದ್ದೇವೆ. ಬರುವ ಸೋಮವಾರ ಬೆಳಿಗ್ಗೆ ಹಳಿ ಕಾಸುವುದು. ನಿಮ್ಮಲ್ಲಿ ಯಾರಾದರೂ ಬಂದು ನೋಡುವುದಾದರೆ ರೈಲಿಗೆ ಬನ್ನಿ, ಗುಡಗೇರಿಯಲ್ಲಿ ಇಳಿಯಿರಿ. ನಿಲ್ದಾಣಕ್ಕೆ ಚಕ್ಕಡಿ ಕಳಿಸುತ್ತಿದ್ದೆ, ಸದ್ಯಕ್ಕೆ ಅದು ಬೇವಿನ ಗಿಡದ ಕೆಳಗೆ ಒಂದೇ ಗಾಲಿಯ ಮೇಲೆ ನಿಂತಿದೆ.

ಇಂತಿ ತಮ್ಮ ವಿಶ್ವಾಸಿ,
ಗುಡಗೇರಿಯ ಒಬ್ಬ ರೈತ